ಆರ್ಥರಜ್ಜನ ಕಾವಲಿಗೆ ಬಸ್ಸು ಹತ್ತಿದ್ದು

ಇಂಗ್ಲೆಂಡಿಗೆ ಹೋಗಿ ಬಂದವರು ಗಡಿಯಾರದ ಗೋಪುರ ನೋಡಿದೆ, ಅರಮನೆ ನೋಡಿದೆ, ನದಿಯ ಮೇಲೆ ಬಾಯಿ ತೆರೆಯುವ ಸೇತುವೆ ನೋಡಿದೆ ಅನ್ನುತ್ತಾರೆ. ಮೂರು ವಾರ ಅಲ್ಲಿದ್ದು ಬಂದ ನಾನು ಕಣ್ತುಂಬ ನೋಡಿದ್ದು ಒಂದು ಬಸ್ಸನ್ನು. ಅದರ ಒಳಭಾಗವನ್ನು ಸುಮಾರು ಐದು ಗಂಟೆ ನೋಡಿದೆ, ಹಿಂಭಾಗವನ್ನು ಒಂದು ನಿಮಿಷ ನೋಡಿದೆ. ಹೇಳಬೇಕಾದ ಕತೆಯೆಲ್ಲ ಆ ಒಂದು ನಿಮಿಷದ ಆಚೀಚೆಯದೇ.

ಹುತ್ತೂರು

ಹುತ್ತೂರಿನ ಹಾಲಿನ ಡೇರಿಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಕ್ಯಾನಿನ ಮುಚ್ಚಳ ತೆಗೆಯುವುದು, ಮೂಸುವುದು, ಕೆಟ್ಟಿದೆಯೋ ಇಲ್ಲವೋ ಹೇಳುವುದು. ದಿನಕ್ಕೆ ಎರಡು ಹೊತ್ತು 'ಕೆಟ್ಟಿರಬಹುದು' ಎಂದುಕೊಂಡೇ ಬದುಕಿದವನಿಗೆ ಲೋಕದಲ್ಲಿ ಕೆಡದೆ ಉಳಿಯುವ ಪದಾರ್ಥ ಇದೆ ಎಂದು ನಂಬಿಕೆ ಹುಟ್ಟುವುದು ಕಷ್ಟ. ಆಕಾಶ ನೋಡಿದರೆ ಮಳೆ ಕೆಡುತ್ತದೆ ಅನ್ನಿಸುತ್ತದೆ, ಫೋನು ರಿಂಗಾದರೆ ಯಾರೋ ಹೋದರು ಅನ್ನಿಸುತ್ತದೆ. ಇಂಥವನನ್ನು ನನ್ನ ತಂಗಿ ಸುಜಾತ ವಿಮಾನ ಹತ್ತು ಅಂದಳು.

ಸುಜಾತ ಕೋಲಾರದಲ್ಲಿ ನರ್ಸಿಂಗ್ ಓದಿ, ಈಗ ಹನ್ನೆರಡು ವರ್ಷದಿಂದ ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಟಿಕೆಟ್ಟನ್ನೂ ಅವಳೇ ಕಳಿಸಿದಳು.

"ಅಣ್ಣಾ, ಐವತ್ಮೂರು ವರ್ಷ ಆಯ್ತು ನಿಂಗೆ. ಮುಳಬಾಗಿಲು ದಾಟಿದ್ರೆ ತಿರುಪತಿ, ಮಾಲೂರು ದಾಟಿದ್ರೆ ಬೆಂಗ್ಳೂರು. ಮೂರನೇ ದಿಕ್ಕು ನೋಡೋದು ಯಾವಾಗ?" ಅಂದಳು ಫೋನಿನಲ್ಲಿ.

ನನ್ನ ಹೆಂಡತಿ ಪದ್ಮ ಚೀಲ ತುಂಬುತ್ತ ಸಮಾಧಾನ ಹೇಳಿದಳು: "ರೀ, ವಿಮಾನ ಬಿದ್ರೆ ಅಂತ ಯೋಚ್ನೆ ಮಾಡ್ಬೇಡಿ. ಬಿದ್ರೆ ನೀವೊಬ್ರೇನಾ? ಮುನ್ನೂರು ಜನ ಇರ್ತಾರೆ ಜೊತೆಗೆ."

ಇಲ್ಲಿ ನನ್ನದೊಂದು ಹುದ್ದೆಯನ್ನೂ ಹೇಳಬೇಕು. ನಮ್ಮ ನೆಂಟರಲ್ಲಿ ಯಾರ ಮದುವೆಯಾದರೂ ಬಸ್ಸಿನ ಜವಾಬ್ದಾರಿ ನನ್ನದು. ಸಂತೋಷವಾಗಿರುವವರಿಗೆ ಆ ಕೆಲಸ ಕೊಡಲಾಗುವುದಿಲ್ಲ. ಅವರು ಊಟಕ್ಕೆ ಕೂತುಬಿಡುತ್ತಾರೆ. ನಮ್ಮ ಕಡೆ ಮದುವೆ ಬಸ್ಸಿಗೆ ಒಂದು ಧರ್ಮವಿದೆ. ಸೀಟು ಖಾಲಿಯಿದ್ದರೆ ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನು ಹತ್ತಿಸಿಕೊಳ್ಳಲೇಬೇಕು. ಬಾಡಿಗೆ ಕೊಟ್ಟವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ, ಆ ಮಾತು ಬೇರೆ. ಖಾಲಿ ಸೀಟು ಮಾತ್ರ ದಾರಿಹೋಕರದು. ಹೋದ ವರ್ಷ ಶ್ರೀನಿವಾಸಪುರದಿಂದ ದೇವರಾಯಸಮುದ್ರಕ್ಕೆ ಹೆಣ್ಣು ಕರೆದುಕೊಂಡು ಹೋಗುವಾಗ ಒಬ್ಬಳು ಮುದುಕಿ ಕೋಳಿ ಸಮೇತ ಹತ್ತಿದಳು. ಇಳಿಯಬೇಕಾದ ಊರು ಬಂದಾಗ, "ಈಗ ಇಳ್ದು ಏನ್ ಮಾಡ್ಲಿ, ಧಾರೆ ನೋಡ್ಕೊಂಡೇ ಹೋಗ್ತೀನಿ" ಅಂತ ಕೂತಳು. ಗಂಡಿನ ಕಡೆಯವರು ಹೆಣ್ಣಿನ ಅಜ್ಜಿ ಅಂತ ತಿಳಿದು ಅವಳಿಗೆ ಸೀರೆ ಉಡುಗೊರೆ ಕೊಟ್ಟರು. ಯಾರೂ ತಪ್ಪು ತಿಳಿಯಲಿಲ್ಲ. ತಿಳಿಯಬೇಕಿತ್ತೇನೋ.

ಸುಜಾತಳ ಬೀದಿ

ಊರಿನ ಹೆಸರು ಬೇಡ. ಕೊನೆಯವರೆಗೆ ಓದಿದರೆ ಯಾಕೆ ಬೇಡವೆಂದು ನಿಮಗೇ ತಿಳಿಯುತ್ತದೆ. ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ರೈಲಿನ ಬೋಗಿಗಳ ಹಾಗೆ ನಿಂತಿದ್ದವು. ಸುಜಾತಳ ಬೋಗಿಯ ಪಕ್ಕದ ಬೋಗಿಯಲ್ಲಿ ಆರ್ಥರಜ್ಜ ಇದ್ದರು. ಎಂಬತ್ತೊಂದು ವರ್ಷ, ಅಂಚೆ ಹಂಚುತ್ತಿದ್ದವರು, ಒಬ್ಬರೇ ಇರುತ್ತಾರೆ. ಮೊದಲ ದಿನವೇ ಗೋಡೆಯಾಚೆಯಿಂದ ನನ್ನ ಹೆಸರು ಕೇಳಿದರು. ನಾರಾಯಣಸ್ವಾಮಿ ಅಂದೆ. ಅರ್ಧ ದಾರಿಯಲ್ಲಿ ಸುಸ್ತಾಗಿ 'ಸ್ವಾಮಿ' ಎಂಬಲ್ಲಿ ನಿಂತರು.

ಅವರೆಲ್ಲ ಮಾತಾಡಿದ್ದು ಇಂಗ್ಲಿಷೇ. ಆದರೆ ಆ ಸೀಮೆಯ ಇಂಗ್ಲಿಷು ಟಿವಿಯಲ್ಲಿ ಬರುವಂಥದ್ದಲ್ಲ. ಅಕ್ಷರ ನುಂಗುತ್ತಾರೆ, ಎಳೆಯುತ್ತಾರೆ, ಪ್ರೀತಿ ಬಂದರೆ ಬೈಯುತ್ತಾರೆ. ನನ್ನ ಕಿವಿಗೆ ಅದು ಮುಳಬಾಗಿಲು ಬಸ್ ಸ್ಟ್ಯಾಂಡಿನ ಮಾತಿನ ಹಾಗೇ ಕೇಳಿಸಿತು. ಹಾಗೇ ಬರೆಯುತ್ತೇನೆ.

ಆ ಊರಿಗೊಂದು ಫುಟ್‌ಬಾಲ್ ಟೀಮಿದೆ. ದೊಡ್ಡದೇನಲ್ಲ, ನಮ್ಮ ತಾಲ್ಲೂಕು ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಶನಿವಾರ ಅದು ಬೇರೆ ಊರಿನಲ್ಲಿ ಆಡುವಾಗ ಅಭಿಮಾನಿಗಳೆಲ್ಲ ಸೇರಿ ಒಂದು ಬಸ್ ಮಾಡಿಕೊಂಡು ಹೋಗುತ್ತಾರೆ. ಆರ್ಥರಜ್ಜ ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಜೊತೆ ಆ ಬಸ್ ಹತ್ತಿದವರು, ಹೆಚ್ಚುಕಮ್ಮಿ ಇಳಿದೇ ಇಲ್ಲ.

ಆದರೆ ಹಿಂದಿನ ಚಳಿಗಾಲದಲ್ಲಿ ಒಂದು ಎಡವಟ್ಟಾಗಿತ್ತು. ಹೆದ್ದಾರಿಯ ತಂಗುದಾಣದಲ್ಲಿ ಮೂತ್ರಕ್ಕೆಂದು ಇಳಿದ ಅಜ್ಜ ವಾಪಸ್ ಬಂದು ಬೇರೆ ಬಸ್ ಹತ್ತಿ ನಿದ್ದೆ ಮಾಡಿಬಿಟ್ಟಿದ್ದರು. ಅದು ಹೂವಿನ ಪ್ರದರ್ಶನಕ್ಕೆ ಹೊರಟ ಹೆಂಗಸರ ಬಸ್ಸು. "ಕೇಕ್ ಕೊಟ್ರು ಕಣೋ. ಆವತ್ತಿನ ಆಟಕ್ಕಿಂತ ಅದೇ ಚೆನ್ನಾಗಿತ್ತು" ಅನ್ನುತ್ತಾರೆ ಅಜ್ಜ. ಅವರ ಮಗಳು ಹೆಲೆನ್‌ಗೆ ಮಾತ್ರ ನಗು ಬಂದಿರಲಿಲ್ಲ. ಎಂಟು ಗಂಟೆ ಹೊತ್ತು ಪೊಲೀಸರಿಗೆ ಫೋನು ಮಾಡಿದವಳು ಅವಳು. ಇನ್ನು ಹೊರಗಿನ ಆಟಕ್ಕೆ ಹೋಗುವಂತಿಲ್ಲ ಎಂದು ಆಜ್ಞೆಯಾಗಿತ್ತು.

ಈಗ ಏಪ್ರಿಲ್ ಕೊನೆ. ಆಗಸ್ಟಿನಲ್ಲಿ ಶುರುವಾಗುವ ಅವರ ಆಟದ ವರ್ಷದ ಕಡೆಯ ಹೊರಗಿನ ಆಟ, ಸಮುದ್ರ ದಂಡೆಯ ಒಂದು ಊರಿನಲ್ಲಿ. ಅಜ್ಜ ನಾಲ್ಕು ದಿನ ಊಟ ಬಿಟ್ಟವರಂತೆ ಓಡಾಡುತ್ತಿದ್ದರು. ಸುಜಾತ ಹೆಲೆನ್‌ಗೆ ಹೇಳಿದಳು: "ನಮ್ಮಣ್ಣ ಜೊತೇಲಿ ಹೋಗ್ತಾನೆ. ಚಿಂತೆ ಮಾಡೋದ್ರಲ್ಲಿ ಅವನನ್ನ ಮೀರಿಸೋರಿಲ್ಲ."

ಹೆಲೆನ್ ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನು ಹಾಲು ನೋಡುವ ಹಾಗೇ ಇತ್ತು.

"ನೋಡಿ, ಹೋದ ಹಾಗೇ ವಾಪಸ್ ಬಂದ್ರೆ ಮುಂದಿನ ವರ್ಷಾನೂ ಹೋಗ್ಲಿ, ಬೇಡ ಅನ್ನಲ್ಲ. ಇನ್ನೊಂದು ಎಡವಟ್ಟಾಯ್ತೋ, ಮುಗೀತು. ಮನೇಲಿ ರೇಡಿಯೋ ಕೇಳ್ಕೊಂಡಿರ್ಲಿ."

ಅಜ್ಜ ಅವಳ ಹಿಂದೆ ನಿಂತು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಅವಳು ಹೋದ ಮೇಲೆ ಗೋಡೆಗೆ ಒರಗಿ ನನಗೆ ಹೇಳಿದರು, ಮಾತು ಅವರದು, ಹೋಲಿಕೆ ನನ್ನದು: ರೇಡಿಯೋದಲ್ಲಿ ಆಟ ಕೇಳುವುದೆಂದರೆ ಮದುವೆ ಛತ್ರದ ಗೇಟಿನಲ್ಲಿ ನಿಂತು ಸಾರಿನ ವಾಸನೆ ಕುಡಿದ ಹಾಗೆ.

"ಅಜ್ಜಾ, ರೈಲಲ್ಲಿ ಹೋಗೋಕಾಗಲ್ವಾ?" ಎಂದು ಕೇಳಿದೆ.

"ರೈಲಾ? ಮೂರು ಕಡೆ ಇಳಿದು ಹತ್ಬೇಕು. ಆಟದ ಟಿಕೆಟ್‌ಗಿಂತ ರೈಲಿನ ಟಿಕೆಟ್ ಜಾಸ್ತಿ. ಮುಗಿಸ್ಕೊಂಡು ಹೊರಟ್ರೆ ಮೂರನೇ ರೈಲು ಸಿಗಲ್ಲ, ಸ್ಟೇಷನ್ ಬೆಂಚಲ್ಲಿ ಬೆಳಗು ಮಾಡ್ಬೇಕು. ಬಸ್ ಆದ್ರೆ ಪಬ್ಬಿನ ಬಾಗ್ಲಲ್ಲಿ ಹತ್ಸುತ್ತೆ, ಮೈದಾನದ ಗೋಡೆ ಪಕ್ಕ ಇಳ್ಸುತ್ತೆ, ವಾಪಸ್ ಪಬ್ಬಿನ ಬಾಗ್ಲಿಗೇ ತಂದು ಹಾಕುತ್ತೆ. ದೇವರು ರಥ ಕಳ್ಸಿದ್ರೂ ಇಷ್ಟು ಅನುಕೂಲ ಇರಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯನ ಉಳಿದ ಶನಿವಾರಗಳೆಲ್ಲ ನನ್ನ ಕೈಲಿದ್ದವು.

ಪಬ್ಬಿನ ಅಂಗಳ

ಬಸ್ಸಿನ ಯಜಮಾನತಿಯ ಹೆಸರು ಶೀಲಾ. ನಮ್ಮ ಹೆಸರೇ ಅಂತ ನನಗೆ ಮೊದಲೇ ಅರ್ಧ ಸಮಾಧಾನವಾಯಿತು. ಎಪ್ಪತ್ತರ ಹೆಂಗಸು, ಕುತ್ತಿಗೆಗೆ ಪೆನ್ನು, ಕೈಯಲ್ಲಿ ಪುಸ್ತಕ. ಮೂವತ್ತು ವರ್ಷದಿಂದ ಸಂಬಳವಿಲ್ಲದೆ ಈ ಬಸ್ ನಡೆಸುತ್ತಿದ್ದಾಳೆ. ಬಸ್ ತುಂಬಿದರೆ ಎಲ್ಲರಿಗೂ ಅಗ್ಗ, ಖಾಲಿ ಸೀಟು ಉಳಿದರೆ ಉಳಿದವರ ಮೇಲೆ ಭಾರ. ಆ ಶನಿವಾರ ಆರು ಸೀಟು ಖಾಲಿ ಇದ್ದವು. ಶೀಲಾ ಅವುಗಳ ಕಡೆ ಸತ್ತ ನೆಂಟರನ್ನು ನೋಡಿದ ಹಾಗೆ ನೋಡುತ್ತಿದ್ದಳು. ನಷ್ಟ ತುಂಬಲು ದಾರಿಯಲ್ಲಿ ಲಾಟರಿ ಚೀಟಿ ಮಾರುತ್ತಾಳೆ. ಬಹುಮಾನ ಒಂದು ಮಾಂಸದ ಕಡುಬು.

ನಿಯಮಗಳನ್ನು ಓದಿದಳು. "ನಿಂತ್ಕೋಬಾರ್ದು. ವಾಂತಿ ಮಾಡ್ಬಾರ್ದು. ಆಟ ಮುಗಿದ ಮೇಲೆ ಐದೂಕಾಲಿಗೆ ಬಸ್ ಹೊರಡುತ್ತೆ, ಮಹಾರಾಜ ಬಂದ್ರೂ ಕಾಯಲ್ಲ."

ಐದೂಕಾಲು ಅಂದರೆ ಐದೂಕಾಲು! ನಮ್ಮ ಮದುವೆ ಬಸ್ಸು ಆರಕ್ಕೆ ಹೊರಡುತ್ತದೆ ಎಂದರೆ ಎಂಟಕ್ಕೆ ಜನ ಸ್ನಾನಕ್ಕೆ ಹೋಗುತ್ತಾರೆ.

ಆಮೇಲೆ ಅವಳು ಬೆರಳಿಗೆ ಸಿಕ್ಕಿಸಿಕೊಂಡ ಒಂದು ಸಣ್ಣ ಯಂತ್ರವನ್ನು ಟಿಕ್ ಟಿಕ್ ಎನಿಸುತ್ತ ಎಲ್ಲರ ತಲೆ ಎಣಿಸುತ್ತ ಬಂದಳು. ನನ್ನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೆ. ನಮ್ಮಲ್ಲಿ ಮನುಷ್ಯರ ತಲೆ ಎಣಿಸುವುದಿಲ್ಲ, ದೃಷ್ಟಿಯಾಗುತ್ತದೆ. ಮದುವೆ ಬಸ್ಸಿನಲ್ಲಿ ನಾನು ಮನೆಯ ಲೆಕ್ಕದಲ್ಲಿ ಕೇಳುತ್ತೇನೆ: ಮಾಸ್ತಿಯೋರೇ, ನಿಮ್ಮೋರೆಲ್ಲ ಬಂದ್ರಾ? ಮುನಿಯಮ್ಮಾ, ನಿಮ್ಮೋರು ಎಲ್ಲಿ? ಪ್ರತಿಯೊಬ್ಬರೂ ತಮ್ಮವರನ್ನು ಹುಡುಕಿ ಹೂಂ ಅಂದರೆ ಬಸ್ ಹೊರಡುತ್ತದೆ. ಎಷ್ಟು ಜನ ಇದ್ದರು ಎಂದು ಕೊನೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

"ನಲವತ್ಮೂರು. ಹೊರಡಪ್ಪಾ ಕೀತ್" ಎಂದಳು ಶೀಲಾ ಡ್ರೈವರಿಗೆ.

ಅಜ್ಜ ನನ್ನ ಕೊರಳಿಗೆ ಟೀಮಿನ ಉಣ್ಣೆಯ ಶಾಲು ಸುತ್ತಿದರು. ಕೆಂಪು, ಹಳದಿ. ಬಸ್ಸಿನ ತುಂಬ ಕೆಂಪು ಹಳದಿ. ನವೆಂಬರಿನಲ್ಲಿ ಕೋಲಾರದ ಆಟೋ ಸ್ಟ್ಯಾಂಡಿಗೆ ಬಂದು ನಿಂತಂತಾಗಿ ಎದೆ ತುಂಬಿ ಬಂತು. ಈ ಜನ ನನ್ನವರು ಅನ್ನಿಸಿತು. ಈ ಅನ್ನಿಸಿಕೆಯೇ ಮುಂದೆ ಮುಳುವಾಯಿತು.

ಹೆದ್ದಾರಿ

ಶನಿವಾರ ನನ್ನದು ಒಪ್ಪೊತ್ತು, ಮಾಂಸ ಮುಟ್ಟುವುದಿಲ್ಲ. ಲಾಟರಿ ಹೊಡೆದದ್ದು ನನಗೇ. ನಲವತ್ತೆರಡು ಜನ ಚಪ್ಪಾಳೆ ತಟ್ಟುವಾಗ ಮಾಂಸದ ಕಡುಬನ್ನು ಮಡಿಲಲ್ಲಿಟ್ಟುಕೊಂಡು ಕೂತ ನನ್ನನ್ನು ವೆಂಕಟರಮಣನೇ ಕಾಪಾಡಬೇಕಿತ್ತು. ಹಿಂದಿನ ಸೀಟಿನವನು ಕಾಪಾಡಿದ. ಬದಲಿಗೆ ಪದ್ಮ ಕಟ್ಟಿಕೊಟ್ಟ ನಿಪ್ಪಟ್ಟಿನ ಡಬ್ಬ ತೆರೆದೆ. ಅದು ಹಿಂದಿನ ಸಾಲಿಗೆ ತಲುಪುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕಣ್ಣೀರು ಶುರುವಾಗಿತ್ತು. "ಏನ್ಲಾ ಇದು, ಬಿಸ್ಕತ್ತಾ, ಶಿಕ್ಷೆನಾ?" ಎಂದು ಯಾರೋ ಕೂಗಿದರು. ಡಬ್ಬ ಮಾತ್ರ ಖಾಲಿಯಾಗಿ ಬಂತು.

ಕುಖ್ಯಾತ ತಂಗುದಾಣ ಬಂದಾಗ ನಾನು ಬಸ್ಸಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಅಜ್ಜನ ಅಂಗೈ ಮೇಲೂ ಬರೆಯಲು ಹೋದೆ, ಬಿಡಲಿಲ್ಲ. ಮೂತ್ರಿಯ ಬಾಗಿಲವರೆಗೂ ಹಿಂದೆ ಹೋದೆ.

"ಲೇ ಸ್ವಾಮಿ, ಒಳಗೂ ಬರ್ತೀಯೇನು?"

"ನಿಮ್ಮ ಮಗಳಿಗೆ ಮಾತು ಕೊಟ್ಟಿದ್ದೀನಿ ಅಜ್ಜಾ."

"ಅವಳಿಗೆ ಮಾತು ಕೊಟ್ಟೋರು ಯಾರೂ ಸುಖವಾಗಿಲ್ಲ" ಎಂದು ಒಳಗೆ ಹೋದರು. ನಾನು ಹೊರಗೆ ನಿಂತೆ. ಎರಡು ನಿಮಿಷವಾಯಿತು, ಮೂರಾಯಿತು. ಹಿಂದೊಂದು ಬಾಗಿಲಿದ್ದರೆ? ಒಳಗೆ ನುಗ್ಗಿದೆ. ಅಜ್ಜ ಕೈ ಒಣಗಿಸುವ ಬಿಸಿಗಾಳಿಯ ಯಂತ್ರಕ್ಕೆ ಮುಖ ಒಡ್ಡಿಕೊಂಡು ಸುಖಿಸುತ್ತಿದ್ದರು.

ಮೈದಾನ

ಆಟದ ಬಗ್ಗೆ ಹೆಚ್ಚೇನೂ ಹೇಳಲಾರೆ. ಜೇಬುಗಳ್ಳರ ಭಯಕ್ಕೆ ಫೋನು, ಪಾಸ್‌ಪೋರ್ಟಿನ ನಕಲು, ಸುಜಾತಳ ವಿಳಾಸ ಎಲ್ಲವನ್ನೂ ಚೀಲಕ್ಕೆ ಹಾಕಿ ಬಸ್ಸಿನಲ್ಲೇ ಬಿಟ್ಟಿದ್ದೆ. ಎರಡು ಗಂಟೆ ಕಾಲ ಒಂದು ಕಣ್ಣು ಅಜ್ಜನ ಮೇಲೆ, ಇನ್ನೊಂದು ಕಣ್ಣು ಅಜ್ಜನ ಮೇಲೆಯೇ. ಸಮುದ್ರದ ಗಾಳಿ ಗೋಡೆ ಹಾರಿ ಬಂದು ಮೂಳೆಗೆ ಕೂತಿತು. ನಮ್ಮವರು ಎರಡು ಗೋಲಿನಿಂದ ಸೋತರು. ಸೋಲುತ್ತಿರುವಾಗಲೇ ಹಾಡು ಜೋರಾಯಿತು, ಅದು ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಕ್ರಿಕೆಟ್ ಸೋತರೆ ಟಿವಿ ಆರಿಸಿ ಆಟಗಾರನ ಹೆಂಡತಿಯನ್ನು ಬೈಯುತ್ತೇವೆ.

"ಬೇಜಾರಾಗಲ್ವಾ ಅಜ್ಜಾ?"

"ಗೆಲ್ಲೋದು ನೋಡ್ಬೇಕು ಅಂದಿದ್ರೆ ಬೇರೆ ಟೀಮ್ ಹಿಡೀತಿದ್ದೆ ಕಣೋ" ಎಂದರು. ಕಣ್ಣುಗಳು ಹೊಳೆಯುತ್ತಿದ್ದವು. ಆರು ತಿಂಗಳ ಮೇಲೆ ಅವರು ಊಟ ಮಾಡಿದ ಹಾಗಿತ್ತು.

ಬಸ್ಸು ನಿಲ್ಲುವ ಜಾಗ

ಐದು ಗಂಟೆಗೆ ಅಜ್ಜನನ್ನು ಕಿಟಕಿ ಪಕ್ಕದ ಅವರ ಸೀಟಿನಲ್ಲಿ ಕೂರಿಸಿದೆ. ಕೂತ ಕ್ಷಣವೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು, ಟೋಪಿ ಕಣ್ಣಿನ ಮೇಲೆ ಎಳೆದು ನಿದ್ದೆ ಹೋದರು. ಅಬ್ಬಾ, ಮುಕ್ಕಾಲು ಕೆಲಸ ಮುಗಿಯಿತು ಎಂದುಕೊಂಡೆ. ಜನ್ಮದಲ್ಲಿ ಮೊದಲ ಸಲ ಚಿಂತೆ ಬಿಟ್ಟೆ. ಆ ಸುಖದಲ್ಲಿ, ಅಜ್ಜ ಎದ್ದಾಗ ಬಿಸಿ ಇರಲಿ ಎಂದು ಎರಡು ಟೀ ತರಲು ಇಳಿದೆ.

ಇಳಿದರೆ, ಬಸ್ಸಿನ ಪಕ್ಕದ ಕಟ್ಟೆಯ ಮೇಲೆ ಕೆಂಪು ಹಳದಿ ಶಾಲು ಹೊದ್ದ ಒಬ್ಬ ಮನುಷ್ಯ ಮಂಡಿ ಹಿಡಿದುಕೊಂಡು ಕೂತಿದ್ದ. ಹೆಸರು ಡೆರೆಕ್. ನಾವು ಬಂದ ಹೆದ್ದಾರಿಯ ನಡುವೆಯೇ ಅವನ ಊರು. ಬೆಳಿಗ್ಗೆ ಮೂರು ರೈಲು ಬದಲಿಸಿ, ಮೈದಾನದವರೆಗೆ ಎರಡು ಮೈಲಿ ನಡೆದು ಬಂದಿದ್ದಾನೆ. ಈಗ ಮತ್ತೆ ಸ್ಟೇಷನ್ನಿಗೆ ನಡೆಯಲು ಮಂಡಿ ಒಪ್ಪುತ್ತಿಲ್ಲ.

ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: "ಅದಕ್ಯಾಕೆ ಯೋಚ್ನೆ? ನಮ್ಮ ಬಸ್ಸು ನಿಮ್ಮೂರ ಮೇಲೇ ಹೋಗುತ್ತೆ. ಸೀಟು ಖಾಲಿ ಇದೆ. ಬನ್ನಿ, ಬಿಟ್ಟು ಹೋಗ್ತೀವಿ."

"ಕೇಳ್ಬೇಕಲ್ವಾ ಯಾರನ್ನಾದ್ರೂ?" ಅಂದ ಆತ.

"ಕೇಳೋದೇನು, ನಮ್ಮದೇ ಬಸ್ಸು!"

ನಮ್ಮದೇ ಬಸ್ಸು. ಬೆಳಿಗ್ಗೆ ಒಂದು ಡಬ್ಬ ನಿಪ್ಪಟ್ಟು ಹಂಚಿದ ಮಾತ್ರಕ್ಕೆ ನಾನು ಇಂಗ್ಲೆಂಡಿನ ಒಂದು ಬಸ್ಸಿಗೆ ಯಜಮಾನನಾಗಿದ್ದೆ. ಅವನ ಕೈ ಹಿಡಿದು ಹತ್ತಿಸಿ, ಸದ್ಯಕ್ಕೆ ಇರಲಿ ಎಂದು ಅಜ್ಜನ ಪಕ್ಕದ ನನ್ನ ಸೀಟಿನಲ್ಲೇ ಕೂರಿಸಿದೆ. "ಬಂದೆ, ಟೀ ತರ್ತೀನಿ" ಎಂದು ಹೊರಟೆ. ಶೀಲಾ ಆಗ ಡ್ರೈವರ್ ಕೀತ್ ಜೊತೆ ಮುಂದಿನ ಗಾಜು ಒರೆಸುತ್ತಿದ್ದಳು. ಹೇಳಬೇಕೆಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರು ಹೇಳುತ್ತಾರೆ?

ಟೀ ಅಂಗಡಿಯಲ್ಲಿ ಸಾಲಿತ್ತು. ಇಂಗ್ಲಿಷರ ಸಾಲಿನಲ್ಲಿ ಮುಂದೆ ತೂರುವುದು ಕೊಲೆಗೆ ಸಮ. ಎರಡು ಲೋಟ ಹಿಡಿದು ತಿರುಗಿದಾಗ ನಮ್ಮ ಬಸ್ಸಿನ ಹಿಂಭಾಗ ಕಂಡಿತು. ಅದು ಚಲಿಸುತ್ತಿತ್ತು.

ನಮ್ಮೂರಿನಲ್ಲಾದರೆ ಇದೇನು ದೊಡ್ಡ ವಿಷಯವಲ್ಲ. ಓಡಿಹೋಗಿ ಬಸ್ಸಿನ ಬೆನ್ನಿಗೆ ಎರಡೇಟು ಹೊಡೆದರೆ ನಿಲ್ಲುತ್ತದೆ. ಓಡಿದೆ. ಎರಡೂ ಕೈಯಲ್ಲಿ ಟೀ, ಹೊಡೆಯುವುದು ಯಾವುದರಲ್ಲಿ? "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ಹಿಂದಿನ ಗಾಜಿನಲ್ಲಿ ಒಬ್ಬ ಹುರುಪಿನಿಂದ ಕೈಬೀಸಿದ. ಗಾಜಿಗೆ ಮಂಜು ಕವಿದಿತ್ತು, ಬೀಳ್ಕೊಡಲು ಬಂದ ಸ್ಥಳೀಯ ಎಂದುಕೊಂಡನಂತೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಐದು ಗಂಟೆ ಹದಿನೈದು ನಿಮಿಷ.

ನಿಂತಲ್ಲೇ ಲೆಕ್ಕ ಅರ್ಥವಾಯಿತು. ನಾನು ಇಳಿದೆ, ಡೆರೆಕ್ ಹತ್ತಿದ. ಶೀಲಾಳ ಯಂತ್ರ ನಲವತ್ಮೂರು ಎಂದೇ ಟಿಕ್ಕಿಸಿರಬೇಕು.

ಹಳದಿ ಕೋಟಿನ ಹೆಂಗಸು

ಮೈದಾನದ ಕಾವಲಿಗೆ ಹಳದಿ ಕೋಟು ಹಾಕಿದವರಿರುತ್ತಾರೆ. ಅವರಲ್ಲೊಬ್ಬಳು, ನನ್ನ ಅತ್ತಿಗೆಯ ಆಕಾರದವಳು, ಹತ್ತಿರ ಬಂದಳು. ನನ್ನ ಕೈಯಿಂದ ಒಂದು ಟೀ ತೆಗೆದುಕೊಂಡು ಕುಡಿದು ಕೇಳಿದಳು: "ಬಿಟ್ಟು ಹೋದ್ರಾ?"

ಹೂಂ ಅಂದೆ. ಫೋನು ಬಸ್ಸಿನಲ್ಲಿ, ನಂಬರುಗಳು ಫೋನಿನಲ್ಲಿ. ಅಂಗೈಯಲ್ಲಿ ಬಸ್ಸಿನ ನಂಬರೊಂದು ಮಾತ್ರ ಸ್ಪಷ್ಟವಾಗಿತ್ತು.

"ರೈಲು ಇದೆ. ಆದ್ರೆ ಮೂರನೇದು ಸಿಗಲ್ಲ ನಿನಗೆ. ದುಡ್ಡೂ ಜಾಸ್ತಿ. ಸುಮ್ನೆ ಬಸ್ಸಲ್ಲಿ ಬರಬಾರ್ದಿತ್ತಾ?" ಎಂದಳು.

"ಬಸ್ಸಲ್ಲೇ ಬಂದೆ ತಾಯಿ!"

ಅವಳು ಮನಸಾರೆ ನಕ್ಕಳು. ಗೆದ್ದ ಕಡೆಯವರು ನಾಲ್ಕು ಜನ ಸುತ್ತ ನೆರೆದು, ನನ್ನ ಶಾಲನ್ನು ಹಂಗಿಸಿ, ಆಲೂಗಡ್ಡೆಯ ಚಿಪ್ಸನ್ನು ಕಾಗದದ ಸಮೇತ ಕೈಗಿಟ್ಟರು. ಒಪ್ಪೊತ್ತು ಎನ್ನುವುದು ಮರೆತು ತಿಂದೆ. ನನಗೆ ನನ್ನ ಚಿಂತೆ ಇರಲಿಲ್ಲ, ದೇವರಾಣೆ. ಅಜ್ಜ ಒಬ್ಬರೇ ಇಳಿಯುತ್ತಾರೆ. ಹೆಲೆನ್ ಪಬ್ಬಿನ ಮುಂದೆ ನಿಂತಿರುತ್ತಾಳೆ. ಕಾವಲಿನವನು ಎಲ್ಲಿ ಎನ್ನುತ್ತಾಳೆ. ಎಡವಟ್ಟು ನನ್ನದು, ರೇಡಿಯೋ ಅಜ್ಜನಿಗೆ.

ನಲವತ್ಮೂರನೆಯವನು

ಮುಂದಿನದು ಆಮೇಲೆ ನನಗೆ ಹತ್ತು ಬಾಯಲ್ಲಿ ಗೊತ್ತಾದದ್ದು.

ಬಸ್ಸು ಇಪ್ಪತ್ತು ನಿಮಿಷ ಹೋದ ಮೇಲೆ ಅಜ್ಜನಿಗೆ ಎಚ್ಚರವಾಗಿದೆ. ಪಕ್ಕದಲ್ಲಿ ಕೆಂಪು ಹಳದಿ ಶಾಲು. "ಏನ್ಲಾ ಸ್ವಾಮಿ, ಬೆಳ್ಳಗಾಗಿದ್ದೀಯ?" ಎಂದಿದ್ದಾರೆ. ಶಾಲಿನೊಳಗಿನ ಮುಖ ತನ್ನ ಹೆಸರು ಡೆರೆಕ್ ಎಂದಿದೆ. ಅಜ್ಜ ಕಿವಿಯ ಯಂತ್ರ ಹಾಕಿಕೊಂಡು ಇನ್ನೊಮ್ಮೆ ಹೇಳಿಸಿದ್ದಾರೆ.

"ನಮ್ಮೋನು ಎಲ್ಲಿ?"

ಶೀಲಾ ಪುಸ್ತಕ ನೋಡಿ, "ಲೆಕ್ಕ ಸರಿಯಿದೆ ಆರ್ಥರ್. ನಲವತ್ಮೂರು" ಎಂದಳಂತೆ.

"ನಿನ್ನ ನಲವತ್ಮೂರು ಯಾರಿಗೆ ಬೇಕು? ನಮ್ಮೋನು ಎಲ್ಲಿ?"

ಕೀತ್ ವಾಪಸ್ ತಿರುಗಿಸಲು ಒಪ್ಪಲಿಲ್ಲ. ಅಲ್ಲಿ ಡ್ರೈವರ್ ದಿನಕ್ಕೆ ಇಷ್ಟೇ ಗಂಟೆ ಓಡಿಸಬೇಕೆಂಬ ಕಟ್ಟಳೆಯಿದೆ. ತಡವಾದರೆ ದಾರಿಯಲ್ಲಿ ನಿಂತು ಕಡ್ಡಾಯವಾಗಿ ವಿಶ್ರಾಂತಿ ತೆಗೆದುಕೊಳ್ಳಬೇಕು, ಎಲ್ಲರೂ ಇನ್ನೂ ತಡ. ನಿಲ್ಲಬಾರದೆಂಬ ಬಸ್ಸಿನಲ್ಲಿ ಅಜ್ಜ ಎದ್ದು ನಿಂತರು. ಶೀಲಾ, ಆರ್ಥರ್ ಕೂತ್ಕೋ ಅಂದಳು. ತಡವಾದರೆ ಹೆಲೆನ್ ಏನು ಮಾಡುತ್ತಾಳೆ ಗೊತ್ತಲ್ಲ ಅಂದಳು. ಅಜ್ಜನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

"ಹಾಗಾದ್ರೆ ನನ್ನ ಇಲ್ಲೇ ಇಳ್ಸು. ಅವನು ಮನೆಯಿಂದ ಐದು ಸಾವಿರ ಮೈಲಿ ದೂರ ಇದ್ದಾನೆ. ನಾನು ನಡ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ" ಎಂದು ಕೋಟು ಹಾಕಿಕೊಳ್ಳತೊಡಗಿದರಂತೆ. ಹಿಂದಿನ ಸೀಟಿನಿಂದ, ನನ್ನ ಮಾಂಸದ ಕಡುಬು ತಿಂದವನು, "ತಿರ್ಗಿಸು ಕೀತ್" ಎಂದ. ಆಮೇಲೆ ಎಲ್ಲರೂ ಅದನ್ನೇ ಹಾಡು ಮಾಡಿಬಿಟ್ಟರು. ನಲವತ್ತು ಜನ ಒಟ್ಟಿಗೆ 'ತಿರ್ಗಿಸು ಕೀತ್' ಎಂದು ಕಾಲು ಕುಟ್ಟಿದರೆ ಯಾವ ಡ್ರೈವರು ತಾನೆ ನೇರ ಹೋಗುತ್ತಾನೆ?

ಹಳದಿ ಕೋಟಿನವಳು ನನ್ನ ಭುಜ ತಟ್ಟಿ ತಿರುವಿನ ಕಡೆ ತೋರಿಸಿದಳು. ಬಸ್ಸಿನ ಮುಂಭಾಗ ಅಷ್ಟು ಚೆಂದ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಹತ್ತುವಾಗ ತಲೆ ತಗ್ಗಿಸಿಕೊಂಡಿದ್ದೆ. ನಮ್ಮಲ್ಲಿ ಮದುವೆ ಬಸ್ಸನ್ನು ಒಂದು ಗಂಟೆ ಕಾಯಿಸಿದವನನ್ನು ಮೂರು ತಲೆಮಾರು ಎತ್ತಿ ಆಡುತ್ತಾರೆ. ಇವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೋತ ಟೀಮಿಗೆ ತಟ್ಟಿದ್ದಕ್ಕಿಂತ ಜೋರಾಗಿ. ಡೆರೆಕ್ ಹತ್ತು ಸಲ ಕ್ಷಮೆ ಕೇಳಿದ. ಶೀಲಾ ನನ್ನ ಎದುರು ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಯಾರನ್ನ ಕೇಳಿ ಹತ್ಸಿದೆ ಅವನನ್ನ?"

"ಸೀಟು ಖಾಲಿ ಇತ್ತಮ್ಮಾ. ಅವರೂರು ದಾರೀಲೇ ಇದೆ. ನಮ್ಮಲ್ಲಿ ಹಾಗೇ..."

ಅವಳು ಡೆರೆಕ್ ಕಡೆ ತಿರುಗಿದಳು. ಅವನ ಊರಿನಲ್ಲಿ ನಮ್ಮ ಟೀಮಿನವರು ಇನ್ನೆಷ್ಟು ಜನ ಇದ್ದಾರೆ, ರೈಲಿಗೆ ಎಷ್ಟು ಕೊಡುತ್ತಾರೆ ಎಂದು ಕೇಳತೊಡಗಿದಳು. ಐದಾರು ಜನ ಇದ್ದಾರೆ ಎಂದ ಆತ. ಶೀಲಾ ತನ್ನ ಖಾಲಿ ಸೀಟುಗಳನ್ನು ಈಗ ಬೇರೆ ಕಣ್ಣಿನಿಂದ ನೋಡಿದಳು. ಅವನ ಊರಿನ ತಿರುವಿನಲ್ಲಿ, ದಾರಿಯಲ್ಲಿ ಯಾರನ್ನೂ ಇಳಿಸದ ಬಸ್ಸು ನಿಂತಿತು. ಊರಿನ ಹೆಸರು ಬೇಡ ಅಂದದ್ದು ಇದಕ್ಕೇ, ಕಟ್ಟಳೆ ಮುರಿದ ಕೀತ್‌ನ ಕೆಲಸ ಉಳಿಯಲಿ.

ಪಬ್ಬಿನ ಅಂಗಳ, ಮತ್ತೆ

ಗಂಟೆ ಒಂಬತ್ತಾಗುತ್ತ ಬಂದರೂ ಅಲ್ಲಿನ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಆ ಬೆಳಕಿನಲ್ಲಿ ಕೈಕಟ್ಟಿ ನಿಂತ ಹೆಲೆನ್ ದೂರದಿಂದಲೇ ಕಂಡಳು. ಪಕ್ಕದಲ್ಲಿ ಸುಜಾತ.

 ಅಜ್ಜ ಇಳಿಯುವ ಮುನ್ನ ಬಸ್ಸಿನ ಒಳಗನ್ನು ಒಮ್ಮೆ, ಮುಂದಿನಿಂದ ಹಿಂದಿನವರೆಗೆ ನೋಡಿದರು. 

"ಅಣ್ಣಾ! ಕಾಯೋಕ್ ಕಳ್ಸಿದ್ರೆ ಕಳ್ದೋಗ್ತೀಯಾ?" ಎಂದು ಸುಜಾತ ಓಡಿ ಬಂದಳು. ಶೀಲಾ ದಾರಿಯಿಂದಲೇ ಫೋನು ಮಾಡಿ ವಿಷಯ ಹೇಳಿಬಿಟ್ಟಿದ್ದಳು.

ನಾನು ನೇರವಾಗಿ ಹೆಲೆನ್ ಮುಂದೆ ಹೋಗಿ ನಿಂತೆ. "ತಪ್ಪೆಲ್ಲ ನನ್ನದು. ನಿಮ್ಮಪ್ಪ ಸೀಟು ಬಿಟ್ಟು ಅಲುಗಾಡಲಿಲ್ಲ. ಬಸ್ ಇಳಿದವನು ನಾನು, ಬೇರೆಯವರನ್ನ ಹತ್ತಿಸಿದವನು ನಾನು. ಶಿಕ್ಷೆ ಅವರಿಗೆ ಬೇಡ."

 ಅವಳು ಶೀಲಾಳನ್ನು ಕೇಳಿದಳು: "ನೀನು ಎಣಿಸಿದ್ಯಲ್ಲ?"

"ಎಣಿಸ್ದೆ."

"ಬಸ್ಸಲ್ಲಿ ಉಳಿದೋರಿಗೆ ಯಾರಿಗೂ ಗೊತ್ತಾಗ್ಲಿಲ್ವಾ?"

"ಇಲ್ಲ. ಆರ್ಥರ್‌ಗೇ ಗೊತ್ತಾಗಿದ್ದು. ಬಸ್ ತಿರುಗಿಸಿದ್ದೂ ಅವನೇ."

ಹೆಲೆನ್ ತಂದೆಯ ಕಡೆ ತಿರುಗಿದಳು. ಅಜ್ಜ ಮತ್ತೆ ಬೂಟು ನೋಡಿಕೊಳ್ಳಲು ಶುರುಮಾಡಿದ್ದರು.

"ಅಂದ್ರೆ, ನಲವತ್ತು ಜನ ಕೂತಿದ್ರು. ಒಬ್ಬ ಮನುಷ್ಯ ಇಲ್ಲ ಅಂತ ತಿಳಿದದ್ದು ಒಬ್ಬರಿಗೆ. ನಾನು ಒಬ್ರನ್ನೇ ಕಳಿಸಲ್ಲ ಅಂದಿದ್ನಲ್ಲ, ಅವ್ರಿಗೆ." ಅವಳ ಕಟ್ಟಿದ ಕೈ ಸಡಿಲವಾಯಿತು. "ಮುಂದಿನ ವರ್ಷ ಕಾವಲು ಗೀವಲು ಬೇಡ, ಅಪ್ಪ. ಹೋಗು. ಇವ್ರಂಥೋರು ಮಾತ್ರ ಜೊತೆಗೆ ಬೇಡ."

ನನಗೆ ಅವಮಾನವಾಗಬೇಕಿತ್ತು. ಅವಳ ಕೈ ಹಿಡಿದು ಕುಲುಕಿದೆ.

ಅಜ್ಜ ಕುಣಿಯಲಿಲ್ಲ, ನಗಲೂ ಇಲ್ಲ. ಮಗಳು ಮನಸ್ಸು ಬದಲಾಯಿಸುವ ಮುನ್ನ ಮುಗಿಸಿಬಿಡಬೇಕೆಂಬಂತೆ ಶೀಲಾಳ ಹತ್ತಿರ ಸರಸರ ನಡೆದರು.

"ಆಗಸ್ಟ್‌ಗೆ ಎರಡು ಸೀಟು ಬರ್ಕೋ. ಕಿಟಕಿ ನಂದು."

"ಇನ್ನೊಂದು ಯಾರಿಗೆ?"

"ಆ ಮಂಡಿನೋವಿನ ಡೆರೆಕ್‌ಗೆ. ಪಾಪ, ಯಾರು ಹತ್ತು ಅಂದ್ರೂ ಹತ್ಕೊಂಡು ಬಿಡ್ತಾನೆ. ಅವನನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕು."